ಆ ರಾತ್ರಿ ಅವಳು ಎಲ್ಲಿ ಮಲಗಿದಳು?

ಹೋದ ವರ್ಷ ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯವರು ನನ್ನನ್ನು ಕರೆದಿದ್ದರು. ಸಂಸ್ಥೆಯ ಹೆಸರು ಬೇಡ. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರುಗಳಿಗೆ, ಮನಶ್ಶಾಸ್ತ್ರ ಓದಿದವರಿಗೆ, ಸಮಾಜಕಾರ್ಯ ಓದಿದವರಿಗೆ ಅಲ್ಲಿ ಮನೋವಿಶ್ಲೇಷಣೆಯ ಚಿಕಿತ್ಸೆ ಕಲಿಸುತ್ತಾರೆ. ಇದರಲ್ಲಿ ಮಾತ್ರೆ ಇಲ್ಲ, ಸೂಜಿ ಇಲ್ಲ. ನೊಂದವರು ವಾರವಾರ ಬಂದು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುತ್ತಾರೆ. ಕೇಳುವವರು ಆ ಮಾತಿನ ಹಿಂದೆ ಅಡಗಿರುವ ಹಳೆಯ ನೋವನ್ನು, ಭಯವನ್ನು ಹುಡುಕಿ ಹೊರಗೆ ತರುತ್ತಾರೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ನಡೆಯುವ ಕೆಲಸ ಇದು.

ವರದಕ್ಷಿಣೆ ಕಿರುಕುಳದ ಬಗ್ಗೆ ಒಂದು ಗಂಟೆ ಮಾತಾಡಬೇಕೆಂದು ನನ್ನನ್ನು ಕೇಳಿದ್ದರು. ನನ್ನ ಸರದಿ ಇದ್ದದ್ದು ಮಧ್ಯಾಹ್ನ. ಬೆಳಿಗ್ಗೆ ಅವರ ಪಾಠ ನಡೆಯುತ್ತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ.

ತರಬೇತಿಗೆ ಬಂದಿದ್ದ ಒಬ್ಬ ಹುಡುಗಿ ತಾನು ನೋಡುತ್ತಿದ್ದ ಹೆಂಗಸಿನ ಕತೆ ಓದಿದಳು. ಗುರುತು ಸಿಗದ ಹಾಗೆ ವಿವರ ಬದಲಿಸಿ ಹೇಳುತ್ತೇನೆ. ಮದುವೆಯಾಗಿ ಆರು ವರ್ಷ, ಇಬ್ಬರು ಮಕ್ಕಳು. ತವರಿನ ಸೈಟು ತನ್ನ ಹೆಸರಿಗೆ ಮಾಡಿಸಿಕೊಂಡು ಬಾ ಅಂತ ಗಂಡ ಹೊಡೆಯುತ್ತಾನೆ. ಹನ್ನೊಂದು ಸಲ ಬಂದು ಮಾತಾಡಿದ್ದಾಳೆ. ಹನ್ನೊಂದನೆಯ ಸಲ ಬಂದಾಗ ಅವಳ ತುಟಿ ಒಡೆದಿತ್ತು.

ಇದರ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಅವಳ ಅಪ್ಪ ಕುಡಿದು ಅವಳ ಅಮ್ಮನನ್ನು ಹೊಡೆಯುತ್ತಿದ್ದನಂತೆ. ಹಾಗಾಗಿ ಅವಳು ತನಗೇ ತಿಳಿಯದೆ ಅಪ್ಪನಂಥ ಗಂಡನನ್ನೇ ಆರಿಸಿಕೊಂಡಿದ್ದಾಳಂತೆ. ಆರಿಸಿಕೊಂಡಿದ್ದಾಳೆ! ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ, ಬಂಗಾರದ ಲೆಕ್ಕ ಮಾತಾಡಿ ಎದ್ದುಹೋದರು. ಅವಳನ್ನು ಕೇಳಿದವರು ಯಾರು? ನೋವು ಅವಳಿಗೆ ಅಭ್ಯಾಸವಾಗಿದೆ, ಒಳಗೆಲ್ಲೋ ಅವಳಿಗೆ ಅದು ಬೇಕಾಗಿದೆ ಎಂದರು ಒಬ್ಬರು. ಅವಳೇ ಕೆಣಕುತ್ತಿರಬಹುದು ಎಂದರು ಇನ್ನೊಬ್ಬರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೇಳಿದೆ: "ತುಟಿ ಒಡೆದುಕೊಂಡು ಬಂದಳಲ್ಲ, ಆ ರಾತ್ರಿ ಅವಳು ಎಲ್ಲಿ ಮಲಗಿದಳು?"

ಯಾರೂ ಮಾತಾಡಲಿಲ್ಲ. ಪಾಠ ಮಾಡುತ್ತಿದ್ದವರು ಮೆಲ್ಲಗೆ ಹೇಳಿದರು: "ಅದು ಹೊರಗಿನ ವಿಷಯ. ಇಲ್ಲಿ ನಾವು ಒಳಗಿನದನ್ನು ನೋಡುತ್ತೇವೆ."

ಆ ಒಂದು ಮಾತಿಗೆ ಉತ್ತರ ಕೊಡಲೆಂದೇ ಇದನ್ನು ಬರೆಯುತ್ತಿದ್ದೇನೆ.

ಪಟ್ಟಣದ ಓದಿದವರ ತರಬೇತಿ ನಮಗೇನು ಎಂದು ನೀವು ಕೇಳಬಹುದು. ನಮಗೆ ಸಂಬಂಧ ಇದೆ. ಠಾಣೆಗೆ ಹೋದರೆ ಮೊದಲು ಕೌನ್ಸೆಲಿಂಗ್ ಆಗಲಿ ಎನ್ನುತ್ತಾರೆ. ಕೋರ್ಟಿಗೆ ಹೋದರೆ, 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 14ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಗಂಡನನ್ನಾಗಲೀ ಹೆಂಡತಿಯನ್ನಾಗಲೀ ಇಬ್ಬರನ್ನೂ ಆಗಲೀ ಸಮಾಲೋಚನೆಗೆ ಕಳಿಸಬಹುದು. ಆಸ್ಪತ್ರೆಗೆ ಹೋದರೂ ಕೊನೆಗೆ ಅಂಥದೇ ಕೋಣೆಯಲ್ಲಿ ಕೂರುತ್ತೇವೆ. ಅಲ್ಲಿ ಎದುರಿಗೆ ಕೂತವರು ಏನು ಕಲಿತಿದ್ದಾರೆ ಎನ್ನುವುದರ ಮೇಲೆ ನಮ್ಮ ಹೆಣ್ಣುಮಕ್ಕಳ ಜೀವ ನಿಂತಿದೆ.

ಈ ವಿದ್ಯೆಯನ್ನು ಪೂರ್ತಿ ತಳ್ಳಿಹಾಕಲು ನಾನು ಹೊರಟಿಲ್ಲ. ಇದರಲ್ಲಿ ನನಗೆ ತುಂಬ ಹಿಡಿಸಿದ ಒಂದು ನಿಯಮವಿದೆ. 1920ರಲ್ಲಿ ಬರ್ಲಿನ್ ನಗರದಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಎರ್ನ್ಸ್ಟ್ ಸಿಮ್ಮೆಲ್ ಎಂಬ ವೈದ್ಯರು ಒಂದು ಚಿಕಿತ್ಸಾಲಯ ತೆರೆದರು. ಬಡವರಿಗೆ ಅಲ್ಲಿ ಹಣವಿಲ್ಲದೆ, ಇಲ್ಲವೇ ಕಡಿಮೆ ಹಣಕ್ಕೆ ಚಿಕಿತ್ಸೆ. ಇಂದಿಗೂ ಜಗತ್ತಿನ ಬಹಳ ಕಡೆ ಅನುಸರಿಸುವ ತರಬೇತಿಯ ಕ್ರಮ ರೂಪುಗೊಂಡದ್ದು ಅಲ್ಲಿ. ಅದರಲ್ಲಿ ಮೂರು ಭಾಗ. ಪುಸ್ತಕದ ಪಾಠ ಒಂದು. ಅನುಭವಿಗಳ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುವುದು ಎರಡು. ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯದು: ಚಿಕಿತ್ಸಕರಾಗಲು ಬಂದವರು ಮೊದಲು ತಾವೇ ರೋಗಿಯ ಜಾಗದಲ್ಲಿದ್ದು, ವರ್ಷಗಟ್ಟಲೆ ತಮ್ಮ ಮನಸ್ಸನ್ನು ಇನ್ನೊಬ್ಬರ ಮುಂದೆ ತೋಡಿಕೊಳ್ಳಬೇಕು. ತನ್ನ ಭಯ, ತನ್ನ ಹೊಟ್ಟೆಕಿಚ್ಚು, ತನ್ನ ಮನೆಯ ಗುಟ್ಟು ತನಗೇ ತಿಳಿಯದವರು ಇನ್ನೊಬ್ಬರ ನೋವನ್ನು ಸರಿಯಾಗಿ ಕೇಳಲಾರರು ಎಂಬುದು ಇದರ ಅರ್ಥ.

ಎಂಥ ಒಳ್ಳೆಯ ನಿಯಮ! ನಮಗೆ ಬುದ್ಧಿ ಹೇಳಿದವರಲ್ಲಿ ಎಷ್ಟು ಜನ ತಮ್ಮನ್ನು ಹೀಗೆ ಪರೀಕ್ಷೆಗೆ ಒಡ್ಡಿಕೊಂಡಿದ್ದಾರೆ? ಪಂಚಾಯ್ತಿಯ ಹಿರಿಯರೇ? ಠಾಣೆಯ ಸಾಹೇಬರೇ? ನಮ್ಮ ಸಂಘದಲ್ಲಿ ಯಾವ ಪುಸ್ತಕವನ್ನೂ ಓದದೆ ನಾವು ಮಾಡಿದ್ದೂ ಇದನ್ನೇ ಅಲ್ಲವೇ? ಮೊದಲು ನಮ್ಮ ನಮ್ಮ ಮನೆಯ ಕತೆ ಹೇಳಿಕೊಂಡು ಅತ್ತೆವು. ಪಕ್ಕದ ಬೀದಿಯ ಕತೆ ಕೇಳಲು ಹೋದದ್ದು ಆಮೇಲೆ.

ಆದರೆ ಈ ವಿದ್ಯೆಗೆ ಹುಟ್ಟಿನಿಂದಲೇ ಅಂಟಿಕೊಂಡ ದೋಷವೂ ಒಂದಿದೆ. ಗಂಡಸಿನ ಏಟಿನ ಮಾತು ಬಂದಾಗ ಅದು ಹೆಣ್ಣಿನ ಮನಸ್ಸನ್ನೇ ಕಟಕಟೆಗೆ ನಿಲ್ಲಿಸುತ್ತದೆ.

ಮನೋವಿಶ್ಲೇಷಣೆಯನ್ನು ಕಟ್ಟಿದವನು ಆಸ್ಟ್ರಿಯಾ ದೇಶದ ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ತನ್ನ ಬಳಿ ಬಂದ ರೋಗಿಗಳ ನರಳಾಟಕ್ಕೆ ಬಾಲ್ಯದಲ್ಲಿ ಅವರ ಮೇಲೆ ನಡೆದ ಲೈಂಗಿಕ ದೌರ್ಜನ್ಯವೇ ಮೂಲ ಎಂದು ಆತ 1896ರಲ್ಲಿ ವೈದ್ಯರ ಸಭೆಯಲ್ಲಿ ಹೇಳಿದ. ಮರುವರ್ಷವೇ, ಆ ಸಿದ್ಧಾಂತದಲ್ಲಿ ತನಗೆ ನಂಬಿಕೆ ಉಳಿದಿಲ್ಲವೆಂದು ಗೆಳೆಯನಿಗೆ ಕಾಗದ ಬರೆದ. ನಿಜವಾಗಿ ನಡೆದದ್ದಕ್ಕಿಂತ ಮನಸ್ಸು ಕಲ್ಪಿಸಿಕೊಂಡದ್ದಕ್ಕೆ ಆಮೇಲೆ ಹೆಚ್ಚು ತೂಕ ಬಂತು.

1900ರಲ್ಲಿ ಇಡಾ ಬಾವರ್ ಎಂಬ ಹದಿನೆಂಟರ ಹುಡುಗಿಯನ್ನು ಅವಳಪ್ಪ ಫ್ರಾಯ್ಡ್ ಬಳಿ ಕರೆತಂದ. ಅಪ್ಪನಿಗೆ ಒಬ್ಬ ಸ್ನೇಹಿತ. ಆ ಸ್ನೇಹಿತನ ಹೆಂಡತಿಯೊಂದಿಗೆ ಅಪ್ಪನಿಗೆ ಸಂಬಂಧ. ಆ ಸ್ನೇಹಿತನೋ ಹುಡುಗಿಗೆ ಹದಿನಾಲ್ಕು ವರ್ಷವಿದ್ದಾಗ ಅವಳನ್ನು ಹಿಡಿದು ಮುತ್ತಿಟ್ಟಿದ್ದ, ಮುಂದೆ ಕೆರೆಯ ದಂಡೆಯಲ್ಲಿ ಮತ್ತೆ ಮೇಲೆ ಬಿದ್ದು ಕೇಳಿದ್ದ. ತನ್ನ ಹೆಂಡತಿಯ ವಿಷಯದಲ್ಲಿ ಅವನು ಸುಮ್ಮನಿರಲಿ ಅಂತ ಅಪ್ಪ ತನ್ನನ್ನೇ ಬೆಲೆಯಾಗಿ ತೆತ್ತಿದ್ದಾನೆ ಎಂದು ಹುಡುಗಿ ಕುದಿಯುತ್ತಿದ್ದಳು. ಇಬ್ಬರು ಗಂಡಸರ ವ್ಯವಹಾರಕ್ಕೆ ಒಂದು ಹೆಣ್ಣು ಚಲಾವಣೆಯ ನಾಣ್ಯ! ಇದು ನಮಗೆ ಗೊತ್ತಿಲ್ಲದ ಲೆಕ್ಕವೇ?

ಘಟನೆ ನಡೆದದ್ದನ್ನು ಫ್ರಾಯ್ಡ್ ನಂಬಿದ. ಆದರೆ ಅವಳ ಅಸಹ್ಯವನ್ನೇ ರೋಗ ಎಂದ. ನಿನಗೆ ಒಳಗೊಳಗೇ ಅವನ ಮೇಲೆ ಪ್ರೀತಿ ಇದೆ ಎಂದು ಒಪ್ಪಿಸಲು ಹೊರಟ. ಮೂರು ತಿಂಗಳು ತುಂಬುವ ಮುನ್ನವೇ, ಅದೇ ವರ್ಷದ ಡಿಸೆಂಬರ್ 31ರಂದು, ಹುಡುಗಿ ಎದ್ದುಹೋದಳು. ಆಮೇಲೆ ತಾನೇ ಆ ಗಂಡಹೆಂಡಿರ ಮನೆಗೆ ಹೋಗಿ, ನಡೆದದ್ದು ನಿಜ ಎಂದು ಅವರ ಬಾಯಿಂದಲೇ ಹೇಳಿಸಿದಳು. ಇದನ್ನು ಫ್ರಾಯ್ಡನೇ ಬರೆದಿಟ್ಟಿದ್ದಾನೆ. ಡೋರಾ ಎಂಬ ಸುಳ್ಳು ಹೆಸರಿನಲ್ಲಿ 1905ರಲ್ಲಿ ಅಚ್ಚಾದ ಈ ಕತೆಯನ್ನು ಇಂದಿಗೂ ತರಬೇತಿಗಳಲ್ಲಿ ಓದಿಸುತ್ತಾರೆ. ಓದಿಸಲಿ. ಆದರೆ ಹುಡುಗಿಯ ಪಕ್ಕ ಕೂತು ಓದಿಸಲಿ.

ಮಾತಿನ ಚಿಕಿತ್ಸೆ ಎಂಬ ಹೆಸರನ್ನು ಕೊಟ್ಟವಳೂ ಒಬ್ಬ ಹೆಂಗಸೇ ಎಂಬುದನ್ನು ಮರೆಯಬಾರದು. ಅವಳು ಬರ್ತಾ ಪಾಪೆನ್‌ಹೈಮ್. ಫ್ರಾಯ್ಡನ ಹಿರಿಯ ಸ್ನೇಹಿತ ಡಾಕ್ಟರ್ ಬ್ರಾಯರ್ 1880ರಿಂದ 1882ರವರೆಗೆ ಅವಳನ್ನು ನೋಡಿದ. ಪುಸ್ತಕಗಳಲ್ಲಿ ಅವಳು ಬರೀ ರೋಗಿ. ನಿಜವಾಗಿ ಅವಳು ಜರ್ಮನಿಯಲ್ಲಿ ಅನಾಥಾಶ್ರಮ ನಡೆಸಿದಳು, ಹೆಣ್ಣುಮಕ್ಕಳ ಮಾರಾಟದ ವಿರುದ್ಧ ಊರೂರು ತಿರುಗಿದಳು, 1904ರಲ್ಲಿ ಯಹೂದಿ ಮಹಿಳೆಯರ ಒಕ್ಕೂಟ ಕಟ್ಟಿದಳು, 1907ರಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೂ ಕೂಸುಗಳಿಗೂ ಮನೆ ತೆರೆದಳು. ಈ ವಿದ್ಯೆಯ ಮೊದಲ ರೋಗಿ ಎನಿಸಿಕೊಂಡವಳು ನಮ್ಮ ಹಾಗೆ ಸಂಘ ಕಟ್ಟಿದವಳು! ಎಷ್ಟು ತರಬೇತಿಗಳಲ್ಲಿ ಇದನ್ನು ಹೇಳಿಕೊಡುತ್ತಾರೆ?

ಇದೆಲ್ಲ ಹಳೆಯ ಮಾತು ಎನ್ನಬೇಡಿ. 1964ರಲ್ಲಿ ಅಮೆರಿಕದ ಮೂವರು ಮನೋವೈದ್ಯರು ಹೆಂಡತಿಯರನ್ನು ಹೊಡೆಯುವ ಗಂಡಸರ ಬಗ್ಗೆ ಒಂದು ಲೇಖನ ಬರೆದರು. ಕೋರ್ಟು ಕಳಿಸಿದ ಆ ಗಂಡಸರು ಬಾಯಿ ಬಿಡಲೊಲ್ಲರು. ಸರಿ, ಏಟು ತಿಂದ ಹೆಂಡತಿಯರನ್ನೇ ಕೂರಿಸಿ ಪ್ರಶ್ನೆ ಕೇಳಿದರು. ಆ ಹೆಂಗಸರು ಗಂಡುಬೀರಿಯರು, ಪ್ರೀತಿ ತೋರದವರು, ಏಟು ಅವರ ಯಾವುದೋ ಒಳಗಿನ ಅಗತ್ಯವನ್ನು ಪೂರೈಸುತ್ತದೆ ಎಂದು ತೀರ್ಮಾನವಾಯಿತು. 1987ರಲ್ಲಂತೂ ಅಮೆರಿಕದ ಮನೋವೈದ್ಯರ ಸಂಘ ತನ್ನ ಕಾಯಿಲೆಗಳ ಪುಸ್ತಕದ ಅನುಬಂಧದಲ್ಲಿ ತನ್ನನ್ನು ತಾನೇ ಸೋಲಿಸಿಕೊಳ್ಳುವ ವ್ಯಕ್ತಿತ್ವ ಎಂಬ ಕಾಯಿಲೆಯನ್ನು ಸೇರಿಸಿತು. ಅಲ್ಲಿನ ಮಹಿಳೆಯರು ಸುಮ್ಮನಿರಲಿಲ್ಲ. ಹಿಂಸೆಯಲ್ಲಿ ಸಿಕ್ಕಿಬಿದ್ದವಳ ನಡವಳಿಕೆಗೆ ರೋಗದ ಹೆಸರು ಕೊಡಬೇಡಿ ಎಂದು ಹೋರಾಡಿದರು. 1994ರ ಆವೃತ್ತಿಯಲ್ಲಿ ಅದು ಇರಲಿಲ್ಲ.

ನಮ್ಮ ದೇಶಕ್ಕೂ ಈ ವಿದ್ಯೆ ಬಂದು ನೂರು ವರ್ಷ ದಾಟಿದೆ. 1922ರಲ್ಲೇ ಗಿರೀಂದ್ರಶೇಖರ ಬೋಸ್ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ ಸಂಘ ಕಟ್ಟಿದರು. ಇಲ್ಲಿ ಬೇರೂರಿದ ಮೇಲೆ ಇಲ್ಲಿನ ಕಾನೂನಿಗೂ ಅದು ಉತ್ತರ ಹೇಳಬೇಕು. 2006ರ ಕೌಟುಂಬಿಕ ದೌರ್ಜನ್ಯ ನಿಯಮಗಳಲ್ಲಿ 14ನೆಯದನ್ನು ಸಂಘದಲ್ಲಿ ಓದಿಸಿ ಕೇಳಿ. ಸಮಾಲೋಚನೆಯಲ್ಲಿ ಗಂಡಸು ತಾನು ಹೊಡೆದದ್ದಕ್ಕೆ ಸಮರ್ಥನೆ ಕೊಡುವಂತಿಲ್ಲ. ಇದನ್ನು ಶುರುವಿಗೆ ಮೊದಲೇ ಅವನಿಗೆ ತಿಳಿಸಬೇಕು. ರಾಜಿಯ ಪ್ರಯತ್ನ ನಡೆಯಬೇಕಾದದ್ದು ಹೆಂಗಸು ಬಯಸಿದರೆ ಮಾತ್ರ. ಹೊಡೆದವನೇ ನೆಪ ಹೇಳಬಾರದು ಎಂದು ಕಾನೂನು ಬಾಯಿ ಮುಚ್ಚಿಸಿರುವಾಗ, ಅವನ ಪರವಾಗಿ ನೆಪ ಹುಡುಕಿಕೊಡುವ ಕೆಲಸ ಚಿಕಿತ್ಸಕರಿಗೆ ಏಕೆ?

ಒಳಗು ಹೊರಗು ಎಂದು ಗೆರೆ ಎಳೆಯುವವರಿಗೆ ಇನ್ನೊಂದು ಮಾತು. ಹಿಂದಿನ 498ಎ ಕಲಮಿನ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಿವೆ. ಕ್ರೌರ್ಯ ಎಂದರೆ ಬರೀ ಮೈಮೇಲಿನ ಗಾಯವಲ್ಲ, ಮನಸ್ಸಿನ ಆರೋಗ್ಯಕ್ಕೆ ಆಗುವ ಗಂಭೀರ ಹಾನಿಯೂ ಹೌದು ಎಂದು ಅಲ್ಲಿದೆ. ಆ ಹಾನಿಯನ್ನು ಕಣ್ಣೆದುರು ಕಾಣುವವರು ಈ ಚಿಕಿತ್ಸಕರೇ. ಇವರು ಬರೆದಿಟ್ಟ ಚೀಟಿ ಹೆಂಗಸನ್ನು ಉಳಿಸಬಹುದು. ಅದೇ ಚೀಟಿ ಗಂಡನ ಕೈಗೆ ಸಿಕ್ಕರೆ, ಇವಳು ಹುಚ್ಚಿ, ನನಗೆ ವಿಚ್ಛೇದನ ಕೊಡಿಸಿ ಎಂದು ಅವನು ಕೋರ್ಟಿನಲ್ಲಿ ಬೀಸಲೂಬಹುದು.

ಹಾಗಾದರೆ ಇವರು ಬೇಡವೇ ಬೇಡ, ಸಂಘ ಸಾಕು ಎನ್ನೋಣವೇ? ಇಪ್ಪತ್ತು ವರ್ಷದಿಂದ ಈ ಕೆಲಸದಲ್ಲಿರುವ ನಾನು ಹಾಗೆ ಹೇಳಲಾರೆ. ಕೇಸು ಗೆದ್ದು, ಜೀವನಾಂಶ ಕೊಡಿಸಿ, ಹೊಲಿಗೆ ಯಂತ್ರ ಹಾಕಿಕೊಟ್ಟ ಮೇಲೂ, ಸೀಮೆಎಣ್ಣೆಯ ವಾಸನೆ ಬಂದರೆ ನಡುಗಿ ಮೂಲೆ ಸೇರುವ ಹುಡುಗಿಯನ್ನು ನಾನು ಕಂಡಿದ್ದೇನೆ. ಬೆನ್ನು ಸವರುವುದು ಬಿಟ್ಟು ನಮಗೆ ಬೇರೆ ತಿಳಿಯಲಿಲ್ಲ. ಅಂಥ ಗಾಯಕ್ಕೆ ಬಲ್ಲವರು ಬೇಕು. ಬೇಕು ಎಂದೇ ಅವರ ತರಬೇತಿಯ ಮೇಲೆ ನಮಗೆ ಹಕ್ಕಿದೆ.

ಅವತ್ತು ಸಂಜೆ ಆ ಕತೆ ಓದಿದ ಹುಡುಗಿ ಬಸ್ ನಿಲ್ದಾಣದವರೆಗೂ ನನ್ನ ಜೊತೆ ಬಂದಳು. "ಮೇಡಂ, ನಾನು ಬೇಕೆಂದೇ ಕೇಳಲಿಲ್ಲ ಅನ್ನಿಸುತ್ತೆ. ನಮ್ಮಮ್ಮನೂ ಏಟು ತಿಂದವಳು. ಕೇಳಿದ್ದರೆ ಉತ್ತರ ತಡೆದುಕೊಳ್ಳೋದು ನನ್ನಿಂದ ಆಗ್ತಿರಲಿಲ್ಲ" ಎಂದಳು. ನೋಡಿ, ತನ್ನ ಮನಸ್ಸನ್ನು ಮೊದಲು ನೋಡಿಕೊಳ್ಳಬೇಕು ಎಂಬ ಆ ನಿಯಮ ಇರುವುದು ಇದಕ್ಕಾಗಿ. ಮುಂದಿನ ವಾರ ಅವಳು ಧೈರ್ಯ ಮಾಡಿ ಕೇಳಿದಳಂತೆ. ಆ ರಾತ್ರಿ ಆ ಹೆಂಗಸು ಮಲಗಿರಲಿಲ್ಲ. ಬಚ್ಚಲುಮನೆಯ ಅಗಣಿ ಹಾಕಿಕೊಂಡು ಇಬ್ಬರು ಮಕ್ಕಳನ್ನು ತೊಡೆಯ ಮೇಲಿಟ್ಟುಕೊಂಡು ಬೆಳಗು ಮಾಡಿದ್ದಳು. ಹನ್ನೊಂದು ವಾರ ಯಾರೂ ಕೇಳಿರಲಿಲ್ಲ, ಆದ್ದರಿಂದ ಹೇಳಿರಲಿಲ್ಲ.

ನಮ್ಮ ಬೇಡಿಕೆಗಳು ಇವು:

1. ದೌರ್ಜನ್ಯ ಎದುರಿಸುತ್ತಿರುವ ಹೆಣ್ಣು ಬಂದಾಗ, ಇವತ್ತು ಮನೆಗೆ ಹೋದರೆ ನೀನು ಕ್ಷೇಮವೇ ಎಂಬುದು ಮೊದಲ ಪ್ರಶ್ನೆಯಾಗಲಿ. ಬಾಲ್ಯದ ಮಾತು ಆಮೇಲೆ.

2. ಹೊಡೆಯುವವನ ಎದುರಿಗೇ ಅವಳನ್ನು ಕೂರಿಸಿ ಮಾತಾಡಿಸಬೇಡಿ. ಕೋಣೆಯಲ್ಲಿ ಆಡಿದ ಮಾತಿಗೆ ಅವಳು ಮನೆಯಲ್ಲಿ ಏಟು ತಿನ್ನುತ್ತಾಳೆ.

3. ವರದಕ್ಷಿಣೆ, ಕೌಟುಂಬಿಕ ದೌರ್ಜನ್ಯದ ಕಾನೂನುಗಳು ತರಬೇತಿಯ ಪಾಠವಾಗಲಿ. ಗಾಯವನ್ನೂ ಭಯವನ್ನೂ ತಾರೀಖಿನ ಸಮೇತ ಬರೆದಿಡಲು ಕಲಿಸಲಿ. ಅವಳ ಒಪ್ಪಿಗೆಯಿಲ್ಲದೆ ಆ ದಾಖಲೆ ಗಂಡನ ಮನೆಯವರ ಕೈಗೆ ಹೋಗದಿರಲಿ.

4. ತಮ್ಮನ್ನು ತಾವು ವಿಶ್ಲೇಷಣೆಗೆ ಒಡ್ಡಿಕೊಳ್ಳುವವರು ಅಪ್ಪ ಅಮ್ಮನ ನೆನಪಿಗೇ ನಿಲ್ಲದಿರಲಿ. ತಮ್ಮ ಮದುವೆಯಲ್ಲಿ ಕೊಟ್ಟದ್ದೆಷ್ಟು, ತೆಗೆದುಕೊಂಡದ್ದೆಷ್ಟು, ತಮ್ಮ ಜಾತಿ ಯಾವುದು, ಮನೆಯಲ್ಲಿ ಕೈ ಎತ್ತಿದವರು ಯಾರು ಎಂಬುದನ್ನೂ ತೋಡಿಕೊಳ್ಳಲಿ.

5. ತರಬೇತಿಯ ಕೆಲವು ತಿಂಗಳನ್ನು ಮಹಿಳಾ ಸಂಘಗಳಲ್ಲಿ, ಆಸರೆ ಮನೆಗಳಲ್ಲಿ ಕಳೆಯಲಿ. ಒಂದು ಗಂಟೆಯ ಅತಿಥಿ ಭಾಷಣಕ್ಕೆ ನಮ್ಮನ್ನು ಕರೆದು ಹಾರ ಹಾಕಿ ಕಳಿಸಿದರೆ ಸಾಲದು.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕೇಳಿ ಕೇಳಿ ನಮಗೆ ಸಾಕಾಗಿದೆ. ಅದೇ ಗಾದೆಯನ್ನು ದೊಡ್ಡ ದೊಡ್ಡ ಮಾತುಗಳಲ್ಲಿ ಫೀಸು ತೆಗೆದುಕೊಂಡು ಹೇಳುವ ಶಾಸ್ತ್ರ ನಮಗೆ ಬೇಡ. ಗೆಳತಿಯರೇ, ಇನ್ನು ಮುಂದೆ ಯಾವ ಹೆಣ್ಣನ್ನೂ ಆ ಕೋಣೆಗೆ ಒಬ್ಬಳನ್ನೇ ಕಳಿಸಬೇಡಿ. ಜೊತೆಗೆ ಹೋಗಿ, ಹೊರಗಿನ ಬೆಂಚಿನಲ್ಲಿ ಕೂತಿರಿ. ಅವಳು ಹೊರಗೆ ಬಂದಾಗ ಅವಳನ್ನು ಕೇಳಿ: ಇವತ್ತು ರಾತ್ರಿ ಎಲ್ಲಿ ಮಲಗುತ್ತೀ ಎಂದು ಒಳಗೆ ಯಾರಾದರೂ ಕೇಳಿದರೇ? ಕೇಳಿಲ್ಲವೆಂದರೆ ಬಾಗಿಲು ತಟ್ಟಿ ಒಳಗೆ ಹೋಗಿ, ನೀವೇ ಅವರನ್ನು ಕೇಳಿ.