ಸೇವ್ ಮಾಡಿದ ಸ್ಫೂರ್ತಿ ಎಲ್ಲಿ ಹೋಯ್ತು?

ಹೋದ ತಿಂಗಳು ಇಂಟರ್ನಲ್ಸ್ ಹಿಂದಿನ ರಾತ್ರಿ. ಓದೋದೊಂದು ಬಿಟ್ಟು ಮಿಕ್ಕ ಎಲ್ಲ ಕೆಲಸಾನೂ ತುಂಬಾ ಮುಖ್ಯ ಅನ್ನಿಸೋ ಹೊತ್ತು ಅದು, ನಿಮಗೂ ಗೊತ್ತಿರತ್ತೆ. ಫೋನಿನಲ್ಲಿ ಜಾಗ ಇಲ್ಲ ಅಂತ ಕ್ಲೀನ್ ಮಾಡೋಕೆ ಕೂತೆ. ಆಗ ಕಣ್ಣಿಗೆ ಬಿದ್ದದ್ದು ಇನ್‌ಸ್ಟಾಗ್ರಾಮಿನಲ್ಲಿ ನಾನು ಮೂರು ವರ್ಷದಿಂದ ಸೇವ್ ಮಾಡುತ್ತಾ ಬಂದಿರೋ ಪೋಸ್ಟುಗಳು. ನಾಲ್ಕು ಫೋಲ್ಡರು: ‘ಫೋಟೋ’, ‘ಟ್ರಿಪ್’, ‘ಮನೆ’, ‘ಬೇಕಿಂಗ್’. ಒಟ್ಟು ಸಾವಿರದ ಮುನ್ನೂರಕ್ಕೂ ಹೆಚ್ಚು. ಇದರಲ್ಲಿ ನೋಡಿ ಬಿಟ್ಟಿದ್ದಲ್ಲ, ನಿಜವಾಗಿ ಮಾಡಿದ್ದು ಎಷ್ಟು ಅಂತ ಬೆರಳು ಮಡಚಿ ಎಣಿಸಿದೆ. ಮೂರು. ಆ ಮೂರರಲ್ಲಿ ಒಂದು ಹಾಳಾಗಿತ್ತು. ಇನ್ನೊಂದರ ವಿಷಯ ಮುಂದೆ ಹೇಳ್ತೀನಿ, ಅದು ಹಾಳಾಗಿದ್ದರೇ ಚೆನ್ನಾಗಿತ್ತು.

ನಮ್ಮ ಬ್ಯಾಚಿನಲ್ಲಿ ಯಾರನ್ನ ಕೇಳಿದರೂ ‘ಇನ್‌ಸ್ಪಿರೇಷನ್‌ಗೆ ಇಟ್ಕೊಂಡಿದೀನಿ’ ಅಂತಾರೆ. ನಾನೂ ಹಾಗೇ ಅಂತಿದ್ದೆ. ಈಗ ನನಗನ್ನಿಸೋದು, ನಾವು ಕೂಡಿಡ್ತಿರೋದು ಸ್ಫೂರ್ತಿ ಅಲ್ಲ, ಬೇರೆಯವರ ಮನೆಯ ಸಾಮಾನು. ಅದರಿಂದ ನಷ್ಟ ಏನು, ನೋಡ್ಕೊಂಡು ಖುಷಿ ಪಡಲಿ ಬಿಡು ಅನ್ನಬಹುದು. ನಷ್ಟ ಇದೆ. ಅದನ್ನ ಹೇಳೋಕೇ ಈ ಬರಹ.

ನಮ್ಮ ಅಜ್ಜಿ ಊರು ತಿಪಟೂರಿನ ಹತ್ತಿರ. ತೆಂಗಿನ ತೋಟದ ನಡುವೆ ಹಳೇ ಮನೆ, ನಡುವೆ ಸಣ್ಣ ತೊಟ್ಟಿ, ಸುತ್ತ ಕೆಂಪು ಗಾರೆ ನೆಲ. ರೆಡ್ ಆಕ್ಸೈಡ್ ಅಂತಾರಲ್ಲ, ಅದೇ. ಎರಡು ವರ್ಷದ ಹಿಂದೆ ಸೋದರಮಾವ ಫೋನ್ ಮಾಡಿ, “ಮನೆ ರಿಪೇರಿ ಮಾಡಿಸ್ತಿದೀನಿ, ನೀನೇ ಸಿವಿಲ್ ಓದ್ತಿದೀಯಲ್ಲವ್ವ, ನೆಲಕ್ಕೆ ಏನು ಹಾಕ್ಸನ ಹೇಳು” ಅಂದರು. ಮೂರನೇ ಸೆಮಿಸ್ಟರಿನ ಹುಡುಗಿಗೆ ಯಾರಾದರೂ ಅಭಿಪ್ರಾಯ ಕೇಳಿದರೆ ಆಗೋ ಸಂತೋಷ ಎಷ್ಟು ಅಂತ ನಿಮಗೆ ಹೇಳಬೇಕಿಲ್ಲ. ‘ಮನೆ’ ಫೋಲ್ಡರಿನಿಂದ ಹನ್ನೆರಡು ಚಿತ್ರ ವಾಟ್ಸಾಪ್ ಮಾಡಿದೆ. ಬಿಳೀ ಗೋಡೆ, ಬಿಳೀ ನೆಲ, ಮೂಲೆಯಲ್ಲೊಂದು ಗಿಡ. ಯಾವ ದೇಶದ ಮನೆಗಳೋ, ಅಲ್ಲಿ ಯಾರಾದರೂ ವಾಸ ಮಾಡ್ತಾರೋ ಇಲ್ಲವೋ, ಒಂದರಲ್ಲೂ ಒಂದು ಜೊತೆ ಚಪ್ಪಲಿ ಕೂಡ ಇರಲಿಲ್ಲ. ಮಾವ ಕೊನೆಯ ಚಿತ್ರ ಆರಿಸಿದರು. ಎರಡು ಅಡಿಗೆ ನಾಲ್ಕು ಅಡಿ, ಹೊಳೆಯೋ ಬಿಳೀ ವಿಟ್ರಿಫೈಡ್ ಟೈಲು.

ಗಾರೆ ನೆಲ ಹೇಗೆ ಮಾಡ್ತಾರೆ ಅಂತ ನಾನು ತಿಳ್ಕೊಂಡಿದ್ದು ಅದನ್ನ ಒಡೆದು ಹಾಕಿದ ಮೇಲೆ. ಸಿಮೆಂಟಿಗೆ ಕೆಂಪು ಪುಡಿ, ಅಂದರೆ ಐರನ್ ಆಕ್ಸೈಡ್, ಹದವಾಗಿ ಬೆರೆಸಿ ಮೇಲಿನ ಪದರಕ್ಕೆ ಹಾಕ್ತಾರೆ. ಅದು ಗಟ್ಟಿಯಾಗೋದ್ರೊಳಗೆ ಕರಣೆಯಲ್ಲಿ ಒತ್ತಿ ಒತ್ತಿ ಎಳೆದು ನುಣುಪು ತರಬೇಕು. ಒಂದು ಕೋಣೆ ಶುರು ಮಾಡಿದರೆ ಅವತ್ತೇ ಮುಗಿಸಬೇಕು, ಇಲ್ಲದಿದ್ದರೆ ಬಣ್ಣದಲ್ಲಿ ಗೆರೆ ಕಾಣತ್ತೆ. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಬೇಕು. ಒಳ್ಳೇ ಕೈ ಬೇಕು, ತಾಳ್ಮೆ ಬೇಕು. ಎಲ್ಲ ಸರಿಯಾದರೂ ಕೂದಲೆಳೆ ಬಿರುಕು ಬಂದೇ ಬರತ್ತೆ. ಆದರೆ ವರ್ಷಗಳ ಕಾಲ ಜನ ಓಡಾಡಿ, ಒರೆಸಿ, ಅಲ್ಲಲ್ಲಿ ಕೊಬ್ಬರಿ ಎಣ್ಣೆ ಬಿದ್ದು, ಅದು ತಾನೇ ತಾನಾಗಿ ಹೊಳಪಾಗ್ತಾ ಹೋಗತ್ತೆ. ಟೈಲು ಹಾಕಿದ ದಿನ ಚೆನ್ನಾಗಿರತ್ತೆ, ಗಾರೆ ನೆಲ ಮೂವತ್ತು ವರ್ಷ ಆದಮೇಲೆ ಚೆನ್ನಾಗಿರತ್ತೆ. ಇದನ್ನ ನನಗೆ ಯಾವ ರೀಲೂ ಹೇಳಲಿಲ್ಲ. ಹಾಗಂತ ಸಿಲಬಸ್ಸೂ ಹೇಳಲಿಲ್ಲ, ಅದು ಬೇರೆ ಮಾತು.

ಮನೆ ಮುಗಿದ ಮೇಲೆ ಹೋದೆ. ಅಜ್ಜಿ ನನಗೆ ಬೇಜಾರಾಗಬಾರದು ಅಂತ, “ನೆಲ ಚೆನ್ನಾಗೈತೆ ಕಣವ್ವ, ಆದ್ರೆ ಕಾಲು ನಿಲ್ಲಕಿಲ್ಲ” ಅಂದರು. ಬಚ್ಚಲಿಂದ ಅಡಿಗೆಮನೆವರೆಗೆ, ಅಡಿಗೆಮನೆಯಿಂದ ದೇವರ ಕೋಣೆವರೆಗೆ ಗೋಣಿ ತಾಟು ಹಾಸಿಕೊಂಡು, ಅದರ ಮೇಲೇ ರೈಲಿನ ಹಾಗೆ ಓಡಾಡ್ತಿದ್ದರು. ಹನ್ನೆರಡು ಚಿತ್ರದಲ್ಲಿ ಒಂದರಲ್ಲೂ ಗೋಣಿ ತಾಟು ಇರಲಿಲ್ಲ. ಸಂಜೆ ಅಜ್ಜಿ ಕೇಳಿದರು: “ನಿನ್ ಪೋನ್ನಾಗೆ ಹಳೇ ನೆಲದ್ದು ಪೋಟೊ ಐತೇನವ್ವ? ಕಂಬದ ತಾವ ನಿಮ್ ತಾತ ಕೂರ್ತಿದ್ರಲ್ಲ, ಆ ಜಾಗದ್ದು.”

ತಾತ ಕೂರ್ತಿದ್ದ ಜಾಗ ಅಂದರೆ ಕಂಬದ ಬುಡದಲ್ಲಿ ಒಂದು ಮೊರದಷ್ಟು ಅಗಲ, ಉಳಿದ ನೆಲಕ್ಕಿಂತ ಕಪ್ಪಗೆ, ಕನ್ನಡಿಯಷ್ಟು ನುಣುಪು. ನಲವತ್ತು ವರ್ಷ ಅದೇ ಜಾಗದಲ್ಲಿ ಕೂತು ಎಲೆ ಅಡಿಕೆ ಹಾಕಿದ ಮನುಷ್ಯ ಮಾಡಿದ್ದ ಗುರುತು. ಫೋನೆಲ್ಲ ಹುಡುಕಿದೆ. ಸಿಕ್ಕಿದ್ದು ಒಂದೇ ಒಂದು, ಮಾವನ ಮಗುವಿನ ನಾಮಕರಣದ ಗುಂಪು ಫೋಟೋ. ಅದರಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಯ ಕಾಲುಗಳ ನಡುವೆ ಅಂಗೈಯಗಲದ ಕೆಂಪು.

ಅದೇ ವರ್ಷ ನಾವು ಆರು ಜನ ಹಂಪಿಗೆ ಹೋಗಿದ್ದೆವು. ಕಲ್ಲಿನ ರಥದ ಮುಂದೆ ನಾನೊಬ್ಬಳೇ ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದಿದ್ದೆ. ಆ ರಥ ಐವತ್ತು ರೂಪಾಯಿ ನೋಟಿನ ಹಿಂದೇನೇ ಇದೆ, ಅದರ ಫೋಟೋಗೆ ಯಾವತ್ತೂ ಬರ ಇಲ್ಲ. ಆದರೂ ‘ಟ್ರಿಪ್’ ಫೋಲ್ಡರಿನಲ್ಲಿ ಯಾರೋ ತೆಗೆದಿದ್ದ ಅದೇ ಕೋನಕ್ಕೆ ನಾವೆಲ್ಲ ಸರದಿಯಲ್ಲಿ ನಿಂತೆವು. ನಮ್ಮ ಹಿಂದೆ ಇನ್ನೊಂದು ಕಾಲೇಜಿನವರು ಕಾಯ್ತಿದ್ದರು. ಹುಣಸೆಮರದ ಕೆಳಗೆ ಮಜ್ಜಿಗೆ ಮಾರ್ತಿದ್ದ ಅಮ್ಮನ ಹತ್ತಿರ ಅರ್ಧ ಗಂಟೆ ಮಾತಾಡಿದ್ದೇ ನನಗೀಗ ಆ ಟ್ರಿಪ್ಪಿನಲ್ಲಿ ನೆನಪಿರೋದು. ಅವರ ಫೋಟೋ ಒಂದೂ ಇಲ್ಲ.

ಆಮೇಲೆ ಗೊತ್ತಾಯ್ತು, ಆ ರಥದ ಹಳೇ ಫೋಟೋಗಳಲ್ಲಿ ಒಂದನ್ನ ತೆಗೆದದ್ದು 1856ರಲ್ಲಿ, ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಕಂಪನಿ ಸೈನ್ಯದ ಅಧಿಕಾರಿ. ಮೇಣ ಹಚ್ಚಿದ ಕಾಗದವೇ ನೆಗೆಟಿವ್, ಒಂದೊಂದು ಚಿತ್ರಕ್ಕೂ ನಿಮಿಷಗಟ್ಟಲೆ ಬೆಳಕು ಬೀಳಿಸಬೇಕಿದ್ದ ಕಾಲ. ಅವನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಇವತ್ತು ಅದಿಲ್ಲ. ಅವನು ಕ್ಯಾಮೆರಾ ಹಿಡಿದು ತನ್ನ ಕಣ್ಣ ಮುಂದೆ ಇದ್ದದ್ದನ್ನ ಇದ್ದ ಹಾಗೇ ತೆಗೆದ. ಅದರಿಂದಾಗಿ ನಮಗೆ ಆ ಶಿಖರ ಇತ್ತು ಅಂತ ಕಣ್ಣಾರೆ ಗೊತ್ತು. ನನ್ನ ಇನ್ನೂರು ಫೋಟೋದಿಂದ ನೂರೈವತ್ತು ವರ್ಷ ಆದಮೇಲೆ ಯಾರಿಗಾದರೂ ಏನಾದರೂ ಗೊತ್ತಾಗೋದಿದ್ದರೆ, ನಾನು ಹಾಕಿದ್ದ ಕೂಲಿಂಗ್ ಗ್ಲಾಸ್ ಬಗ್ಗೆ ಇರಬೇಕು.

ಇದನ್ನೆಲ್ಲ ಹೇಳಿದಾಗ ನನ್ನ ರೂಮ್‌ಮೇಟ್ ವಾದಕ್ಕೆ ಬಂದಳು. “ನೀನು ಕೆಟ್ಟ ಟೈಲ್ ಆರಿಸಿದ್ದಕ್ಕೆ ಇಂಟರ್ನೆಟ್ಟನ್ನ ಯಾಕೆ ಬೈತೀಯೇ? ನಮ್ಮೂರಲ್ಲಿ ನೋಡೋಕೆ ಏನಿದೆ? ನಾನು ಫೋಟೋಗ್ರಫಿ ಕಲಿತಿದ್ದೇ ಯೂಟ್ಯೂಬಲ್ಲಿ” ಅಂದಳು. ಅವಳ ಮಾತಲ್ಲಿ ಅರ್ಧ ಸತ್ಯ ಇದೆ. ಶಟರ್ ಸ್ಪೀಡು, ಐಎಸ್‌ಒ ನಾನೂ ಅಲ್ಲೇ ಕಲಿತೆ. ಹೇಗೆ ಅನ್ನೋದನ್ನ ಎಲ್ಲಿಂದ ಕಲಿತರೂ ತಪ್ಪಿಲ್ಲ. ಏನು ಅನ್ನೋದನ್ನೂ ಅಲ್ಲಿಂದಲೇ ತಂದರೆ ತೊಂದರೆ. ‘ನಮ್ಮೂರಲ್ಲಿ ಏನಿದೆ’ ಅನ್ನೋ ಪ್ರಶ್ನೆಗಂತೂ ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕೂತು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ತೋಟದ ಆಸುಪಾಸಿನ ಹಕ್ಕಿಗಳನ್ನೇ ವರ್ಷಗಟ್ಟಲೆ ಕಾದು ಕ್ಯಾಮೆರಾದಲ್ಲಿ ಹಿಡಿದವರು. ರೀಲು ಅಂದರೆ ಆಗ ಮೂವತ್ತಾರು ಫ್ರೇಮು, ತೊಳೆಸಿ ಬರೋವರೆಗೂ ಏನು ಬಂದಿದೆ ಗೊತ್ತಿಲ್ಲ. ಹಕ್ಕಿ ಬರದಿದ್ದರೆ ಅವತ್ತಿಗೆ ಅಷ್ಟೇ.

ಬೇಕಿಂಗ್ ವಿಷಯಕ್ಕೆ ಬರ್ತೀನಿ. ಮಾಡಿದ ಮೂರರಲ್ಲಿ ಹಾಳಾಗಿದ್ದು ಇದು. ಜಪಾನೀ ಚೀಸ್‌ಕೇಕ್. ವಿಡಿಯೋದಲ್ಲಿ ತಟ್ಟಿದರೆ ಹಲಸಿನ ತೊಳೆ ಥರ ಅಲ್ಲಾಡ್ತಿತ್ತು. ನಾನು ಹದಿನೈದು ದಿನದ ಖರ್ಚಿನ ದುಡ್ಡು ಹಾಕಿ ಕ್ರೀಮ್ ಚೀಸ್ ತಂದು ಮಾಡಿದ್ದು ನಡುವೆ ಕುಸಿದು ಕೆರೆ ಆಯ್ತು. ಅಮ್ಮ ಒಂದು ಚಮಚ ಬಾಯಿಗೆ ಹಾಕ್ಕೊಂಡು, “ಯಾರಿಗೆ ಹುಷಾರಿಲ್ಲ ಅಂತ ಇದನ್ನ ಮಾಡಿದೆ?” ಅಂದರು.

ಎರಡನೇ ಸಲ ವಿಡಿಯೋ ಬಿಟ್ಟು ನಮ್ಮ ಹಾಸ್ಟೆಲ್ ತಿರುವಿನ ಅಯ್ಯಂಗಾರ್ ಬೇಕರಿ ಅಂಕಲ್ ಹತ್ತಿರ ಹೋದೆ. ಮಧ್ಯಾಹ್ನ ಗಿರಾಕಿ ಕಮ್ಮಿ ಇರೋ ಹೊತ್ತು. ಖಾರ ಬನ್ ಹೇಗೆ ಮಾಡೋದು ಅಂದೆ. ಅವರು ನಕ್ಕು, ಅಳತೆ ಹೇಳೋಕೆ ಮುಂಚೆ ಒಂದೇ ಮಾತು ಹೇಳಿದರು: “ಈರುಳ್ಳಿ ನೀರು ಬಿಡತ್ತಮ್ಮ, ಅದನ್ನ ಲೆಕ್ಕಕ್ಕೆ ಹಿಡಿದು ಹಿಟ್ಟಿಗೆ ನೀರು ಕಮ್ಮಿ ಹಾಕು.” ಯೀಸ್ಟಿಗೆ ಹಾಕೋ ನೀರು ಮಗು ಸ್ನಾನದ ನೀರಿನಷ್ಟು ಬೆಚ್ಚಗಿದ್ದರೆ ಸಾಕು, ಸುಡ್ತಿದ್ದರೆ ಯೀಸ್ಟ್ ಸಾಯತ್ತೆ ಅಂದರು. ರಜಕ್ಕೆ ಮನೆಗೆ ಹೋದಾಗ ಕುಕ್ಕರಿನಲ್ಲೇ ಮಾಡಿದೆ. ಗ್ಯಾಸ್ಕೆಟ್ಟು, ವಿಷಲ್ ಎರಡೂ ತೆಗೆದು, ತಳಕ್ಕೆ ಉಪ್ಪು ಹರಡಿ ಬಿಸಿ ಮಾಡಿ, ಮೇಲೆ ಸ್ಟ್ಯಾಂಡು, ಅದರ ಮೇಲೆ ತಟ್ಟೆ, ಸಣ್ಣ ಉರಿ. ಒಳಗೆ ಚೆನ್ನಾಗಿ ಬೆಂದಿತ್ತು, ಮೇಲೆ ಮಾತ್ರ ಬಿಳುಚಿಕೊಂಡಿತ್ತು. ಅಮ್ಮ ಕಾವಲಿಗೆ ಬೆಣ್ಣೆ ಹಾಕಿ ತಿರುಗಿಸಿ ಕೆಂಪು ಮಾಡಿದರು. ಆ ಉಪಾಯ ಯಾರ ರೆಸಿಪಿಯಲ್ಲೂ ಇರಲಿಲ್ಲ, ಅಮ್ಮನಿಗೆ ರೊಟ್ಟಿ ಸುಟ್ಟು ಗೊತ್ತಿತ್ತು, ಅಷ್ಟೇ. ಆರು ಬನ್ನು ಹತ್ತು ನಿಮಿಷಕ್ಕೆ ಖಾಲಿ.

ಯೋಚನೆ ಮಾಡಿದರೆ ಖಾರ ಬನ್ ಅನ್ನೋದೇ ಒಂದು ವಿಚಿತ್ರ. ಬ್ರೆಡ್ಡು ನಮ್ಮದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಹಾಸನ ಕಡೆಯ ತಿರುಮಲಾಚಾರ್ ಕುಟುಂಬ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ಹಾಕಿತು, ಅದೇ ಬಿ.ಬಿ. ಬೇಕರಿ. ಆಮೇಲೆ ಹಾಸನದ ಕಡೆಯಿಂದಲೇ ಒಬ್ಬರ ಹಿಂದೆ ಒಬ್ಬರು ಬಂದು ಬೀದಿಗೊಂದು ಅಯ್ಯಂಗಾರ್ ಬೇಕರಿ ಆಯ್ತು. ದೂರದ ಬನ್ನಿಗೆ ಇವರು ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಹಾಕಿದರು. ಮೊಟ್ಟೆ ಬಿಟ್ಟರು. ಕೇಕಿಗೆ ಪಾಕ ಕುಡಿಸಿ, ಜಾಮ್ ಸವರಿ, ಕೊಬ್ಬರಿ ಉದುರಿಸಿ ಹನಿ ಕೇಕ್ ಅಂದರು. ನೋಡಿ ಕಲಿತದ್ದು ಎಲ್ಲಿಂದಲೋ, ಕೈಗೆ ಎತ್ತಿಕೊಂಡದ್ದು ಮಾತ್ರ ಪಕ್ಕದ ಮಾರ್ಕೆಟ್ಟಿನದು. ನನ್ನ ರೂಮ್‌ಮೇಟ್‌ಗೆ ನಾನು ಕೊಟ್ಟ ಉತ್ತರವೂ ಇದೇ. ಅವಳು ಒಪ್ಪಲಿಲ್ಲ, ಆದರೆ ನಾನು ತಂದಿದ್ದ ಬನ್ ತಿಂದಳು.

ಬೇಕರಿ ಅಂದಾಗ ನೆನಪಾಯ್ತು. ಲಾರಿ ಬೇಕರ್ ಅಂತ ಒಬ್ಬರು ಆರ್ಕಿಟೆಕ್ಟ್ ಇದ್ದರು. ಸಿವಿಲ್‌ನವರಿಗೆ ಗೊತ್ತಿರತ್ತೆ, ಮಿಕ್ಕವರು ಹೆಸರು ಕೇಳಿ ಹನಿ ಕೇಕ್ ಮಾಡ್ತಿದ್ದರು ಅಂದ್ಕೋಬೇಡಿ. ಇವರು ಜೋಡಿಸಿದ್ದು ಇಟ್ಟಿಗೆ. ಇಂಗ್ಲೆಂಡಿನಲ್ಲಿ 1917ರಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಕೊನೆಗೆ ತಿರುವನಂತಪುರದಲ್ಲಿ ನೆಲೆನಿಂತವರು. ಬಾಂಬೆಯಲ್ಲಿ ಗಾಂಧೀಜಿ ಸಿಕ್ಕಿದ್ದಾಗ, ಮನೆ ಕಟ್ಟೋ ಸಾಮಗ್ರಿಯೆಲ್ಲ ಆ ಜಾಗದಿಂದ ಐದು ಮೈಲಿಯೊಳಗೆ ಸಿಗೋ ಹಾಗಿರಬೇಕು ಅಂತ ಹೇಳಿದ್ದರಂತೆ. ಬೇಕರ್ ಆ ಮಾತನ್ನ ಜೀವನಪೂರ್ತಿ ಬಿಡಲಿಲ್ಲ. ಇಟ್ಟಿಗೆಯನ್ನ ಮಲಗಿಸೋ ಬದಲು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡೋ ರ್‍ಯಾಟ್ ಟ್ರ್ಯಾಪ್ ಬಾಂಡನ್ನ ಇಲ್ಲಿ ಬಳಕೆಗೆ ತಂದದ್ದು ಅವರೇ. ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯತ್ತೆ, ಒಳಗಿನ ಗಾಳಿಯಿಂದ ಮನೆ ತಂಪಾಗೂ ಇರತ್ತೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ ಅಂತ ಓದಿದ್ದ ನನಗೆ, ಆ ಐದು ಮೈಲಿ ಇಟ್ಟಿಗೆಗೆ ಮಾತ್ರ ಸೇರಿದ್ದಲ್ಲ ಅಂತ ತಡವಾಗಿ ಹೊಳೀತು.

ಹಾಗಾಗಿ ಈ ಸೆಮಿಸ್ಟರ್ ಐದು ಮೈಲಿ, ಅಂದರೆ ಎಂಟು ಕಿಲೋಮೀಟರಿನ ಒಂದು ಆಟ ಶುರು ಮಾಡಿದೀನಿ. ಭಾನುವಾರ ಸಿಕ್ಕಿದ ಸಿಟಿ ಬಸ್ಸು ಹತ್ತಿ, ಹೆಸರು ಗೊತ್ತಿಲ್ಲದ ಸ್ಟಾಪಿನಲ್ಲಿ ಇಳಿದು, ನಡ್ಕೊಂಡು ವಾಪಸ್ ಬರೋದು. ದಿನಕ್ಕೆ ಹನ್ನೆರಡೇ ಫೋಟೋ. ಹದಿಮೂರನೆಯದು ಬೇಕು ಅನ್ನಿಸಿದರೆ ಒಂದು ಅಳಿಸಬೇಕು. ಎಲ್ಲ ವಾರವೂ ಏನೋ ಅದ್ಭುತ ಸಿಗತ್ತೆ ಅಂತ ಸುಳ್ಳು ಹೇಳಲ್ಲ. ಒಂದು ಭಾನುವಾರ ಸಿಕ್ಕಿದ್ದು ಬಿಸಿಲು, ಧೂಳು ಮತ್ತು ಅಟ್ಟಿಸಿಕೊಂಡು ಬಂದ ನಾಯಿ. ಇನ್ನೊಂದು ಭಾನುವಾರ ಹಳೇ ಬಡಾವಣೆಯ ಒಂದು ಮನೆ ಮುಂದೆ ಕೆಂಪು ಗಾರೆಯ ಜಗಲಿ, ಅಂಚಿಗೆ ಕಪ್ಪು ಪಟ್ಟಿ, ಅದರ ಮೇಲೆ ಒಬ್ಬರು ಕೂತು ಅವರೆಕಾಯಿ ಬಿಡಿಸ್ತಿದ್ದರು. ಫೋಟೋ ತೆಗೀಲಾ ಅಂದೆ. ತೆಗಿ, ಆಮೇಲೆ ಒಂದು ಹಿಡಿ ಬಿಡಿಸು ಅಂದರು. ಬಿಡಿಸಿದೆ. ಈ ಜಗಲಿ ಮಾಡಿದ ಮೇಸ್ತ್ರಿ ಯಾರು ಅಂತ ಕೇಳಿದೆ. ಅವರು ತೀರಿಕೊಂಡಿದ್ದಾರೆ, ಮಗ ಆ ಕೆಲಸ ಮಾಡ್ತಾನೆ, ಆದರೆ ಈಗ ಯಾರೂ ಮಾಡಿಸಲ್ಲ ಅಂತ ಟೈಲು ಹಾಕ್ತಾನೆ ಅಂದರು. ನಂಬರು ಬರೆದುಕೊಂಡು ಬಂದೆ.

ಅಜ್ಜಿ ಮನೆಯಲ್ಲಿ ಈಗ ದೇವರ ಕೋಣೆ ಒಂದರಲ್ಲಿ ಕೆಂಪು ನೆಲ ಉಳಿದಿದೆ. ದುಡ್ಡು ಸಾಲದೆ ಹೋದದ್ದರಿಂದ ಉಳಿದದ್ದು. ದೀಪಾವಳಿಗೆ ಅದಕ್ಕೂ ಟೈಲು ಹಾಕಿಸ್ತೀನಿ ಅಂತ ಮಾವ ಅಂದಿದ್ದರು. ಹೋದ ವಾರ ಫೋನ್ ಮಾಡಿ, ಬೇಡ ಮಾವ, ನಾನು ಹೇಳಿದ್ದು ತಪ್ಪಾಗಿತ್ತು, ಬಚ್ಚಲಿಂದ ಅಡಿಗೆಮನೆವರೆಗಿನ ಓಣಿಯನ್ನಾದರೂ ತಿರುಗಾ ಗಾರೆ ಮಾಡಿಸೋಣ, ಮೇಸ್ತ್ರಿ ಸಿಕ್ಕಿದಾರೆ ಅಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಹಾಕ್ಸಿದ್ ಟೈಲ್ ಕೀಳ್ಸಕೆ ದುಡ್ ಯಾರ್ ಕೊಡ್ತಾರವ್ವ?” ಅಂದರು. ಆಮೇಲೆ, “ಮೇಸ್ತ್ರಿ ನಂಬ್ರ ಕಳ್ಸು, ನೋಡಣ” ಅಂದರು.

ಕಳಿಸಿದೀನಿ. ಈ ಸಲ ಜೊತೆಗೆ ಚಿತ್ರ ಯಾವುದೂ ಕಳಿಸಲಿಲ್ಲ.