ಕರು ಹಾಕದ ಹಸುವಿಗೆ ಹಾಲು ಬರಿಸೋ ಇಂಜೆಕ್ಷನ್: ಲೆಕ್ಕ ಹಾಕಿದ ಮೇಲೆ ಚುಚ್ಚಿಸಿ

ಹುಣಸೂರು: ನಾಲ್ಕೈದು ಸಲ ಸೂಜಿ ಹಾಕಿಸಿದರೂ ಗಬ್ಬ ನಿಲ್ಲದ ಎಚ್‌ಎಫ್ ಹಸು ಕೊಟ್ಟಿಗೆಯಲ್ಲಿದ್ದರೆ ರೈತನಿಗೆ ಈಗ ದಾರಿ ಕಮ್ಮಿ. ಮೊದಲಾದರೆ ಸಂತೆಗೆ ಹೊಡೀತಿದ್ದರು. 2021ರ ಜನವರಿಯಿಂದ ಹೊಸ ಗೋಹತ್ಯೆ ನಿಷೇಧ ಕಾನೂನು ಜಾರಿಯಲ್ಲಿದೆ. 13 ವರ್ಷ ದಾಟಿದ ಎಮ್ಮೆ-ಕೋಣ ಬಿಟ್ಟು ಬೇರೆ ದನ ಕಡಿಯೋ ಹಾಗಿಲ್ಲ. ಬರಡು ಹಸು ಯಾರು ಕೊಳ್ತಾರೆ?

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪಿನ ದುಡ್ಡು ಹರಾಜಿನ ಕಾಲಕ್ಕೆ, ಕೆ.ಆರ್. ನಗರದ ಭತ್ತದ ದುಡ್ಡು ಕೊಯ್ಲಾದ ಮೇಲೆ. ನಡುವೆ ಅಂಗಡಿ ಬಾಕಿ ತೀರೋದು ಡೇರಿ ಬಟವಾಡೆಯಿಂದಲೇ. ಹಾಗಾಗಿ 'ಈಯದೇ ಹಾಲು' ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತೆ.

ಮಾತು ಸುಳ್ಳಲ್ಲ. ಅಮೆರಿಕದ ಸ್ಮಿತ್ ಮತ್ತು ಶಾನ್‌ಬ್ಯಾಕರ್ 1973ರಲ್ಲೇ ತೋರಿಸಿದ ವಿಧಾನ ಇದು. ಗಬ್ಬದ ಕಾಲದಲ್ಲಿ ಮೈಯಲ್ಲಿ ಹೆಚ್ಚಿರೋ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು 7 ದಿನ ಕೊಡ್ತಾರೆ. ಆಮೇಲೆ 18ನೇ ದಿನದ ಸುಮಾರಿಗೆ ಮೂರು ದಿನ ಸ್ಟೀರಾಯ್ಡ್. ಕೆಚ್ಚಲು ಇಳಿದರೆ 21ನೇ ದಿನದ ಹೊತ್ತಿಗೆ ಕರೆಯಬಹುದು. ಇಳಿದರೆ! ಕೆಲವಕ್ಕೆ ಇಳಿಯೋದೇ ಇಲ್ಲ. ಇಳಿದರೂ ಕರು ಹಾಕಿದಾಗಿನಷ್ಟು ಹಾಲು ಸಾಮಾನ್ಯವಾಗಿ ಬರಲ್ಲ.

ಒಂದು ಲೆಕ್ಕ ನೋಡಿ (ನಿಮ್ಮ ಮನೆ ಅಂಕಿ ಹಾಕ್ಕೊಳ್ಳಿ). 12 ಲೀಟರಿನ ಹಸು 7 ಲೀಟರ್ ಕೊಟ್ಟಿತು, ಲೀಟರಿಗೆ 35 ರೂಪಾಯಿ ಅಂದ್ಕೊಳ್ಳಿ: ದಿನಕ್ಕೆ 245. ಹಿಂಡಿ, ಬೂಸ, ಮೇವಿಗೆ 170 ಹೋದರೆ ಉಳಿಯೋದು 75. ಹಾಲಿಲ್ಲದ 21 ದಿನದ ಮೇವೇ 3,570 ರೂಪಾಯಿ. ಅದೊಂದು ವಾಪಸ್ ಬರೋಕೆ 48 ದಿನ ಕರೀಬೇಕು. ಔಷಧಿ, ಡಾಕ್ಟರ್ ಖರ್ಚು ಬೇರೆ. 5-6 ಲೀಟರಿನ ಹಸುವಿಗೆ ಇದು ಗಿಟ್ಟೋದೇ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಆಕ್ಸಿಟೋಸಿನ್ನೂ ಇದೂ ಒಂದೇ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ. ಆಕ್ಸಿಟೋಸಿನ್ ಕೆಚ್ಚಲಲ್ಲಿರೋ ಹಾಲನ್ನು ಸೊರ ಬಿಡಿಸುತ್ತೆ ಅಷ್ಟೆ, ಬತ್ತಿದ ಕೆಚ್ಚಲಲ್ಲಿ ಹಾಲು ಹುಟ್ಟಿಸಲ್ಲ. ಹಾಲು ಹೆಚ್ಚಿಸಲು ಹಸುವಿನ ಆರೋಗ್ಯ ಕೆಡಿಸೋ ಇಂಜೆಕ್ಷನ್ ಕೊಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ.

ಕೊಳ್ಳೋರ ಕಡೆಯಿಂದಲೂ ನೋಡಬೇಕು. ಶುರುವಿನ ದಿನಗಳ ಹಾಲಲ್ಲಿ ಹಾರ್ಮೋನ್ ಉಳಿದಿರಬಹುದು, ಡೇರಿಯ ಫ್ಯಾಟ್ ಮಿಷನ್ನಿಗೆ ಅದು ಗೊತ್ತಾಗಲ್ಲ. ಒಬ್ಬರ ಕ್ಯಾನು ಊರವರ ಹಾಲಿಗೆಲ್ಲ ಸೇರುತ್ತೆ. ಎಷ್ಟು ದಿನದ ಹಾಲು ಚೆಲ್ಲಬೇಕು ಅಂತ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆಸ್ಕೊಳ್ಳಿ. ಗರ್ಭಿಣಿಯರು ಈ ಔಷಧಿ ಮುಟ್ಟಬಾರದು. ಇಂಜೆಕ್ಷನ್ ಆದ ಹಸು ವಾರಗಟ್ಟಲೆ ಬೆದೆಗೆ ಬಂದಂತೆ ಬೇರೆ ದನದ ಮೇಲೆ ಹತ್ತುತ್ತೆ, ಜಾರೋ ನೆಲದಲ್ಲಿ ಸೊಂಟ ಮುರಿದುಕೊಳ್ಳಬಹುದು, ಬೇರೆಯಾಗಿ ಕಟ್ಟಿ.

ಅದಕ್ಕೂ ಮೊದಲು ಗಬ್ಬ ಯಾಕೆ ನಿಲ್ಲಲಿಲ್ಲ ಅಂತ ಕೇಳಿ. ಬೆದೆಯ ಹೊತ್ತು ತಪ್ಪಿದ್ದು, ಗರ್ಭಕೋಶದ ಸೋಂಕು, ಖನಿಜ ಮಿಶ್ರಣ ಕೊಡದೆ ಇದ್ದದ್ದು, ಇವು ಕಡಿಮೆ ಖರ್ಚಲ್ಲೇ ಸರಿಹೋಗಬಹುದು. ಗಬ್ಬ ಕಳೆದುಕೊಂಡ ಹಸುವಾದರೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸಿ. ಪಶು ಆಸ್ಪತ್ರೆ ದೂರ ಇರೋರು 1962ಕ್ಕೆ ಫೋನ್ ಮಾಡಿ, ಸಂಚಾರಿ ಚಿಕಿತ್ಸಾ ವಾಹನ ಕೇಳಬಹುದು.