ಹೊಸ ಟಯರು ಯಾವ ಕಡೆಗೆ?

ಘಟ್ಟದ ತಿರುವಿನಲ್ಲಿ ಕಾರೊಂದು ಜಾರಿ ಕಂದಕಕ್ಕಿಳಿದರೆ ನಮ್ಮಲ್ಲಿ ಆರೋಪಿಗಳ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ. ತಿರುವು ಕಿರಿದು, ಮಳೆ ಜೋರು, ಮಂಜು ದಟ್ಟ, ರಸ್ತೆಯಂಚಿನ ಮರ ಅಡ್ಡ, ಚಾಲಕನಿಗೆ ನಿದ್ದೆ. ವಾರ ಕಳೆಯುವುದರೊಳಗೆ ರಸ್ತೆ ಅಗಲಗೊಳಿಸಬೇಕೆಂಬ ಮನವಿಪತ್ರಕ್ಕೆ ಸಹಿ ಸಂಗ್ರಹ ಶುರುವಾಗುತ್ತದೆ. ಆ ಕಾರಿನ ನಾಲ್ಕು ಚಕ್ರಗಳಲ್ಲಿ ಯಾವ ಟಯರುಗಳಿದ್ದವು, ಅವನ್ನು ಯಾವಾಗ ಬದಲಿಸಲಾಗಿತ್ತು, ಹೊಸವು ಯಾವ ಕಡೆಗಿದ್ದವು ಎಂದು ಬಗ್ಗಿ ನೋಡಿದವರನ್ನು ನಾನಂತೂ ಕಂಡಿಲ್ಲ. ರಸ್ತೆಗಳಲ್ಲಿ ದೋಷವೇ ಇಲ್ಲವೆಂಬುದು ನನ್ನ ವಾದವಲ್ಲ. ಆದರೆ ತಿರುವನ್ನು ನೇರಗೊಳಿಸಲು ಗುಡ್ಡವನ್ನೇ ಕಡಿಯಬೇಕು. ಟಯರನ್ನು ಸರಿಯಾದ ಚಕ್ರಕ್ಕೆ ಹಾಕಿಸಲು ಅರ್ಧ ಗಂಟೆ ಸಾಕು. ಸುಲಭವಾದದ್ದನ್ನು ಬಿಟ್ಟು ಗುಡ್ಡದ ಮೇಲೆ ಏರಿಹೋಗುವ ನಮ್ಮ ಬುದ್ಧಿಯನ್ನು ಏನೆನ್ನೋಣ?

ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ, ಪ್ರತಿಯೊಂದು ಕಡೆಯೂ ಹೆಚ್ಚುಕಡಿಮೆ ಅಂಗೈಯಗಲದಷ್ಟು. ಸ್ಟಿಯರಿಂಗ್ ತಿರುಗಿಸಿದ್ದು, ಬ್ರೇಕು ಒತ್ತಿದ್ದು ಎಲ್ಲವೂ ರಸ್ತೆಗೆ ತಲುಪಬೇಕಾದದ್ದು ಈ ನಾಲ್ಕು ಅಂಗೈಗಳ ಮೂಲಕವೇ. ಟಯರಿನ ಮೇಲಿನ ಗಾಡಿಗೆರೆಗಳು, ಅಂದರೆ ಗ್ಯಾರೇಜಿನವರು ‘ಬಟನ್’ ಎನ್ನುವ ಉಬ್ಬುಗಳ ನಡುವಿನ ಕಾಲುವೆಗಳು, ಅಂದಕ್ಕಾಗಿ ಇರುವುದಿಲ್ಲ. ಅಡಿಕೆ ತೋಟದ ಬಸಿಗಾಲುವೆ ಏನು ಮಾಡುತ್ತದೆಯೋ ಅದನ್ನೇ ಅವು ರಸ್ತೆಯ ಮೇಲೆ ಮಾಡುತ್ತವೆ: ನಿಂತ ನೀರಿಗೆ ಹೊರದಾರಿ ಕೊಡುತ್ತವೆ. ಹೊಸ ಕಾರು ಟಯರಿನಲ್ಲಿ ಈ ಕಾಲುವೆಯ ಆಳ ಸುಮಾರು 7ರಿಂದ 8 ಮಿಲಿಮೀಟರ್. 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರ ಆ ಟಯರು ರಸ್ತೆಗೆ ಇಳಿಯುವಂತಿಲ್ಲ. ಆಳ ಕಡಿಮೆಯಾದಂತೆ ನೀರು ಹೊರಹೋಗದೆ ಟಯರಿನ ಕೆಳಗೇ ಉಳಿದು, ವೇಗ ಹೆಚ್ಚಿದಾಗ ಚಕ್ರ ನೆಲ ಬಿಟ್ಟು ನೀರಿನ ಪದರದ ಮೇಲೆ ತೇಲುತ್ತದೆ. ಮಳೆಗಾಲಕ್ಕೆ ಮುನ್ನ ತೋಟದ ಬಸಿಗಾಲುವೆಯನ್ನು ತಪ್ಪದೆ ಬಿಡಿಸುವ ಕೃಷಿಕನೇ ಮನೆಯಂಗಳದಲ್ಲಿ ನಿಂತ ಕಾರಿನ ಕಾಲುವೆಗಳನ್ನು ನೋಡುವುದಿಲ್ಲ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಲ್ಕೂ ಟಯರುಗಳನ್ನು ಒಮ್ಮೆಗೇ ಕೊಳ್ಳುವ ಶಕ್ತಿ ನಮ್ಮಲ್ಲಿ ಹಲವರಿಗಿಲ್ಲ. ಎರಡನ್ನು ಕೊಳ್ಳುತ್ತೇವೆ. ಆಗ ಪೇಟೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಹೊಸವನ್ನು ಮುಂದಕ್ಕೆ ಹಾಕಿ, ಎಂಜಿನ್ ಅಲ್ಲಿದೆ, ಸ್ಟಿಯರಿಂಗ್ ಅಲ್ಲಿದೆ, ಸವೆಯುವುದೂ ಅಲ್ಲಿಯೇ. ಕೇಳಲು ಎಷ್ಟು ಸರಿಯಾಗಿದೆ! ಒದ್ದೆ ಇಳಿಜಾರಿನಲ್ಲಿ ಇದೇ ಸಲಹೆ ಪ್ರಾಣಕ್ಕೆ ಎರವಾಗಬಲ್ಲದು.

ಮುಂದಿನ ಚಕ್ರಗಳ ಹಿಡಿತ ತಪ್ಪಿದರೆ ಕಾರು ತಿರುಗಿಸಿದಷ್ಟು ತಿರುಗದೆ ನೇರಕ್ಕೆ ಎಳೆಯುತ್ತದೆ. ಸ್ಟಿಯರಿಂಗ್ ಹಗುರಾದದ್ದು ಚಾಲಕನ ಕೈಗೆ ಕೂಡಲೇ ತಿಳಿಯುತ್ತದೆ. ಹೆದರಿ ಕಾಲು ತೆಗೆಯುತ್ತಾನೆ, ವೇಗ ಇಳಿಯುತ್ತದೆ, ಭಾರ ಮುಂದಕ್ಕೆ ಬಂದು ಹಿಡಿತ ಬಹುಮಟ್ಟಿಗೆ ಮರಳುತ್ತದೆ. ಅಂದರೆ ಹೆದರಿಕೆಯ ಸಹಜ ಪ್ರತಿಕ್ರಿಯೆಯೇ ಇಲ್ಲಿ ಸರಿಯಾದ ಪ್ರತಿಕ್ರಿಯೆ. ಹಿಂದಿನ ಚಕ್ರಗಳು ಹಿಡಿತ ಬಿಟ್ಟರೆ ಕಥೆ ಬೇರೆ. ಕಾರಿನ ಹಿಂಭಾಗ ಮುನ್ಸೂಚನೆಯಿಲ್ಲದೆ ಹೊರಕ್ಕೆ ಬೀಸುತ್ತದೆ. ಚಾಲಕ ಹೆದರಿ ಬ್ರೇಕು ಒತ್ತಿದರೆ ಭಾರ ಮುಂದಕ್ಕೆ ಸರಿದು, ಮೊದಲೇ ಹಗುರಾಗಿದ್ದ ಹಿಂಭಾಗ ಇನ್ನಷ್ಟು ಹಗುರಾಗುತ್ತದೆ. ಕಾರು ಬುಗುರಿಯಂತೆ ಸುತ್ತುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ 14 ಕಡಿದಾದ ತಿರುವುಗಳನ್ನು ಇಳಿಯುವಾಗ ಭಾರವೆಲ್ಲ ಮೊದಲಿನಿಂದಲೇ ಮುಂದಕ್ಕೆ ವಾಲಿರುತ್ತದೆಂಬುದನ್ನು ಇದಕ್ಕೆ ಸೇರಿಸಿಕೊಳ್ಳಿ. ಹಿಂಭಾಗ ಬೀಸಿದ ಕಾರನ್ನು ಎದುರು ದಿಕ್ಕಿಗೆ ಸ್ಟಿಯರಿಂಗ್ ಹೊರಳಿಸಿ ಹತೋಟಿಗೆ ತರುವ ವಿದ್ಯೆ ನುರಿತವರಿಗಿರಬಹುದು. ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯುತ್ತಿರುವ ನೆರೆಮನೆಯವನಿಂದ ಅದನ್ನು ನಿರೀಕ್ಷಿಸಲಾಗದು. ಆದ್ದರಿಂದಲೇ ಪ್ರಮುಖ ಟಯರು ತಯಾರಕರು, ಎಂಜಿನ್ ಯಾವ ಚಕ್ರಗಳನ್ನು ಎಳೆದರೂ ಸರಿಯೆ, ಹೆಚ್ಚು ಆಳವುಳ್ಳ ಜೋಡಿ ಹಿಂದಕ್ಕೇ ಇರಲಿ ಎನ್ನುತ್ತಾರೆ.

ಇದಕ್ಕೆ ಆಕ್ಷೇಪವುಂಟು. ಸವೆದ ಜೋಡಿ ಮುಂದಿದ್ದರೆ ಕೆಸರಿನ ಏರಿನಲ್ಲಿ ಚಕ್ರ ನಿಂತಲ್ಲೇ ತಿರುಗುತ್ತದೆಯಲ್ಲವೆ? ಹೌದು, ತಿರುಗುತ್ತದೆ. ಮನೆಗೆ ತಡವಾಗಿ ತಲುಪುವುದಕ್ಕೂ ತಲುಪದೇ ಇರುವುದಕ್ಕೂ ವ್ಯತ್ಯಾಸವಿದೆಯಷ್ಟೆ. ಬ್ರೇಕಿನ ಹೆಚ್ಚಿನ ಹೊರೆ ಮುಂದಿನ ಚಕ್ರಗಳದ್ದೇ ಎಂಬುದೂ ನಿಜ. ಹಾಗಾಗಿ ಮುಂದಿನವು ಬೋಳಾಗಿದ್ದರೆ ಅವನ್ನೂ ಬದಲಿಸಬೇಕೇ ಹೊರತು, ಬೋಳನ್ನು ಹಿಂದಕ್ಕೆ ಸಾಗಿಸಿ ಬಚ್ಚಿಡುವುದು ಪರಿಹಾರವಾಗದು.

ಇನ್ನು ನಮ್ಮ ಯುವಕರ ದಪ್ಪ ಟಯರಿನ ಮೋಹ. 165/80 ಆರ್14 ಎಂದರೆ 165 ಮಿಲಿಮೀಟರ್ ಅಗಲ, ಅದರ ಶೇಕಡಾ 80ರಷ್ಟು ಪಕ್ಕದ ಎತ್ತರ, 14 ಅಂಗುಲದ ರಿಮ್ಮು. ಲೆಕ್ಕ ಹಾಕಿದರೆ ಟಯರಿನ ಒಟ್ಟು ಎತ್ತರ ಸುಮಾರು 620 ಮಿಲಿಮೀಟರ್. ಅದೇ ರಿಮ್ಮಿಗೆ 185/80 ಹಾಕಿಸಿದರೆ ಎತ್ತರ ಸುಮಾರು 652. ಮೀಟರು 60 ಎಂದು ತೋರುವಾಗ ಮೊದಲಿಗಿಂತ ಶೇಕಡಾ 5ರಷ್ಟು ಹೆಚ್ಚಿನ ವೇಗದಲ್ಲಿ ಓಡುತ್ತಿರುತ್ತೀರಿ. ಗಾಡಿ ಎತ್ತರವಾಗುತ್ತದೆ, ಪೂರ್ತಿ ತಿರುಗಿಸಿದಾಗ ಟಯರು ಒಳಬದಿಗೆ ಉಜ್ಜಬಹುದು. ಭಾರ ಅಷ್ಟೇ ಇದ್ದು ಅಗಲ ಹೆಚ್ಚಿದರೆ ನೀರಿನ ಮೇಲೆ ತೇಲುವುದೂ ಬೇಗ. ಅಳತೆಯ ಪಕ್ಕದಲ್ಲಿರುವ ಭಾರದ ಸಂಖ್ಯೆಯನ್ನಂತೂ ಯಾರೂ ಓದುವುದಿಲ್ಲ: 85 ಎಂದಿದ್ದರೆ ಒಂದು ಟಯರು 515 ಕಿಲೋ ಹೊರಬಲ್ಲದು, 82 ಎಂದಿದ್ದರೆ 475. ಅಡಿಕೆ ಮೂಟೆ ಹೇರುವವರು ಈ ಅಂತರವನ್ನು ಯೋಚಿಸಬೇಕು. ಹಳೆಯ ಜೀಪುಗಳಲ್ಲಿ ಒಂದೇ ಅಚ್ಚಿನ ಎಡಕ್ಕೆ ರೇಡಿಯಲ್, ಬಲಕ್ಕೆ ನೈಲಾನ್ ಟಯರು ಹಾಕುವುದಂತೂ ಎರಡು ಬೇರೆ ಬೇರೆ ಎತ್ತುಗಳನ್ನು ಒಂದೇ ನೊಗಕ್ಕೆ ಕಟ್ಟಿದಂತೆಯೇ ಸರಿ.

2022ರಲ್ಲಿ ಕೇಂದ್ರ ಸರ್ಕಾರವು ಟಯರುಗಳ ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ ಮತ್ತು ಸದ್ದಿಗೆ ಮಾನದಂಡಗಳನ್ನು ಅಧಿಸೂಚಿಸಿತು. ಸ್ವಾಗತಾರ್ಹವೇ. ಆದರೆ ಒಳ್ಳೆಯ ಟಯರನ್ನು ತಪ್ಪು ಚಕ್ರಕ್ಕೆ ಹಾಕಬಾರದೆಂದು ಅಂಗಡಿಯಲ್ಲಿ ಬಂದು ಹೇಳುವವರಾರು?

ನಮ್ಮ ಪರಿಸರ ಮಿತ್ರರಿಗೂ ಒಂದು ಮಾತು. ಪೂರ್ತಿ ಸವೆಯುವ ತನಕ ಬಳಸುವುದೇ ಮಿತವ್ಯಯವೆನ್ನುವವರು ನಮ್ಮ ನಡುವೆಯೇ ಇದ್ದಾರೆ. ಸವೆದ ರಬ್ಬರು ಎಲ್ಲಿಗೆ ಹೋಗುತ್ತದೆ? ಅಮೆರಿಕದ ವಾಷಿಂಗ್ಟನ್ ರಾಜ್ಯದ ತೊರೆಗಳಲ್ಲಿ ಮಳೆಯ ಬೆನ್ನಿಗೇ ಕೋಹೊ ಸಾಲ್ಮನ್ ಮೀನುಗಳು ಸಾಯುತ್ತಿದ್ದ ಕಾರಣ 2020ರಲ್ಲಿ ಪತ್ತೆಯಾಯಿತು: ಟಯರು ಬಿರುಕು ಬಿಡದಂತೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕವು ಓಝೋನಿನೊಡನೆ ಸೇರಿ ಹುಟ್ಟಿಸುವ ವಿಷ. ಮಿತವ್ಯಯ ಬೇಕೆಂದರೆ ಚಾಲಕನ ಬಾಗಿಲ ಬಳಿ ಬರೆದಿರುವಷ್ಟೇ ಗಾಳಿ ತುಂಬಿಸಿ, ಅಲೈನ್‌ಮೆಂಟ್ ಮಾಡಿಸಿ, ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಹಿಂದಿನವನ್ನೂ ಮುಂದಿನವನ್ನೂ ಅದಲುಬದಲು ಮಾಡಿಸಿ. ನಾಲ್ಕೂ ಸಮನಾಗಿ, ನಿಧಾನವಾಗಿ ಸವೆಯುತ್ತವೆ. ಹೊಸ ಜೋಡಿ ಯಾವ ಕಡೆಗೆಂಬ ಪ್ರಶ್ನೆಯೇ ಏಳುವುದಿಲ್ಲ.

ವಿದ್ಯಾರ್ಥಿ ಮಿತ್ರರು ಮಳೆಗಾಲಕ್ಕೆ ಮುನ್ನ ಒಂದು ಕೆಲಸ ಮಾಡಬಹುದು. ಟಯರಿನ ಕಾಲುವೆಗಳ ತಳದಲ್ಲಿ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ರಬ್ಬರು ದಿಣ್ಣೆಗಳಿರುತ್ತವೆ. ಮೇಲ್ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿದ್ದರೆ 1.6 ಮಿಲಿಮೀಟರಿನ ಗಡಿ ಮುಗಿಯಿತೆಂದರ್ಥ. ಪಕ್ಕದ ಗೋಡೆಯಲ್ಲಿರುವ ನಾಲ್ಕಂಕಿಯ ಗುರುತು ತಯಾರಾದ ದಿನವನ್ನು ಹೇಳುತ್ತದೆ: 2319 ಎಂದರೆ 2019ರ 23ನೆಯ ವಾರ. ಒಂದು ಟಾರ್ಚು, ಒಂದು ನೋಟುಪುಸ್ತಕ ಸಾಕು. ಊರಿನ ಮಕ್ಕಳನ್ನು ತುಂಬಿಕೊಂಡು ಬರುವ ಶಾಲಾ ವಾಹನಗಳ ಹಿಂದಿನ ಚಕ್ರಗಳಿಂದಲೇ ಪ್ರಾರಂಭಿಸಿ. ಕಂಡದ್ದನ್ನು ಬರೆದು ಶಾಲೆಯ ಮುಖ್ಯಸ್ಥರ ಮೇಜಿನ ಮೇಲಿಡಿ.